ಲಕ್ಕವ್ವ ಅಗೆದ ನೆಲ

ಗೋಕಾಕದ ಕೆಳಗಿನ ಓಣಿಯಲ್ಲಿ ಲಕ್ಕವ್ವನ ಮನೆಯ ನೆಲಕ್ಕೆ ಹೆಸರಿತ್ತು. ಮೇಲವಂಕಿಯಿಂದ ಸೊಸೆಯಾಗಿ ಬಂದ ವರ್ಷ ಅತ್ತೆಯ ಕೈಯಿಂದ ಸಗಣಿ ಬುಟ್ಟಿ ತೆಗೆದುಕೊಂಡವಳು ಮತ್ತೆ ಯಾರಿಗೂ ಕೊಟ್ಟಿರಲಿಲ್ಲ. ಪ್ಲೇಗಿಗೆ ಹೆದರಿ ಜನ ಊರ ಹೊರಗೆ ಗುಡಿಸಲು ಹಾಕಿಕೊಂಡಾಗಲೂ ಅವಳು ಗುಡಿಸಲಿನ ನೆಲ ಸಾರಿಸಿಯೇ ಒಲೆ ಹಚ್ಚಿದ್ದಳು. ಗಂಡ ತೀರಿದ ಮೇಲೆ ದುಃಖ ಬಂದರೆ ನೆಲ ಸಾರಿಸುತ್ತಿದ್ದಳು. ಸಿಟ್ಟು ಬಂದರೂ ಅದೇ.

1938ರ ಶ್ರಾವಣದಲ್ಲಿ ಹೊಳೆ ಏರಿತು. ವ್ಯಾಪಾರಕ್ಕೆಂದು ಹುಕ್ಕೇರಿಗೆ ಹೋದ ಮಗ ಪರಪ್ಪ ದಾರಿ ಕಟ್ಟಾಗಿ ಅಲ್ಲೇ ಉಳಿದ. ಮನೆಯಲ್ಲಿದ್ದವರು ಲಕ್ಕವ್ವ, ಹೊಳೆದಂಡೆಯ ದಡ್ಡಿ ಊರಿನಿಂದ ಬಂದ ಸೊಸೆ ಪಾರವ್ವ ಮತ್ತು ಈಗಷ್ಟೇ ಅಂಬೆಗಾಲಿಡಲು ಕಲಿತಿದ್ದ ಮೊಮ್ಮಗಳು ಗಂಗಿ. ಹೊಳೆಯೇನೋ ಓಣಿಗೆ ಬರಲಿಲ್ಲ. ಆದರೆ ಓಣಿಯ ಗಟಾರದ ನೀರು ಹೊಳೆಗೆ ಇಳಿಯಲಾಗದೆ ಹಿಂದಕ್ಕೆ ಹೊರಳಿ, ಬಚ್ಚಲ ಮೋರಿಯಿಂದ ಒಳಗೆ ನುಗ್ಗಿತು. ಕೊಟ್ಟಿಗೆ, ಹಿತ್ತಲುಗಳ ಹೊಲಸೆಲ್ಲ ಹೊತ್ತ ಕರಿ ನೀರು ಅಡುಗೆಮನೆ ದಾಟಿ ಪಡಸಾಲೆಯಲ್ಲಿ ನಿಂತಿತು.

“ಯಾರನ್ನರ ಕರಸ ಲಕ್ಕಕ್ಕ. ನೀ ಯಾಕ ಇದರಾಗ ಕೈ ಹಾಕ್ತಿ?” ಎಂದಳು ಬಾಜೂಮನೆಯ ಭರಮವ್ವ.

“ನಮ್ಮ ಮನ್ಯಾಗ ಬಂದ ಹೊಲಸ. ಇನ್ನೊಬ್ಬರ ಕೈಗೆ ಯಾಕ ಹಚ್ಚಲಿ?”

ನೀರು ಇಳಿದ ಮೇಲೆ ಲಕ್ಕವ್ವ ರಾಡಿಯನ್ನು ಬಳಿದು ಹೊರಹಾಕಿದಳು. ಪಾರವ್ವ ನೀರು ತಾಗಿದ ಹಿಟ್ಟು, ಕಾಳುಗಳನ್ನು ಹಿತ್ತಲಲ್ಲಿ ಹೂಳಿದಳು, ಪಾತ್ರೆಗಳನ್ನು ಕುದಿಯುವ ನೀರಲ್ಲಿ ಅದ್ದಿದಳು. ಸಂಜೆಯಾಗುವುದರೊಳಗೆ ಲಕ್ಕವ್ವ ಇಡೀ ಮನೆ ಸಾರಿಸಿ ಮುಗಿಸಿದ್ದಳು. ಸಗಣಿ ಬಿದ್ದ ಮೇಲೆ ನೆಲ ಮಡಿಯಾಯಿತು, ಅಲ್ಲಿಗೆ ಕೆಲಸ ತೀರಿತು ಎಂಬುದು ಅವಳ ಲೆಕ್ಕ.

ಮರುದಿನ ಪಾರವ್ವ ಮಗುವನ್ನು ಕೆಳಗೆ ಬಿಡಲೇ ಇಲ್ಲ. ಗಂಗಿ ಕೊಸರಾಡಿದಳು, ಅತ್ತಳು, ತಾಯಿಯ ಕೂದಲು ಜಗ್ಗಿದಳು. ಮಗುವನ್ನು ಬಗಲಲ್ಲಿ ಹೊತ್ತೇ ಪಾರವ್ವ ರೊಟ್ಟಿ ಬಡಿದಳು.

“ಕೂಸಿನ ಬಿಡಬಾರದೇನ ಕೆಳಗ?”

“ಇನ್ನಷ್ಟ ಒಣಗಲಿ ಬಿಡ್ರಿ ಅತ್ತಿ.”

“ಒಣಗೇತಲ್ಲ. ನಾ ಸಾರಿಸಿದ ನೆಲ ನಿಮ್ಮ ದಡ್ಡಿ ಊರ ಮಂದಿಗೆ ಸೇರೂದಿಲ್ಲೇನ?”

“ಮ್ಯಾಲ ಒಣಗೇತ್ರಿ. ನಮ್ಮ ದಡ್ಡ್ಯಾಗ ಹೊಳಿ ಬಂದ ಹ್ವಾದ ಮ್ಯಾಲ ಮಣ್ಣ ತಗೀತಾರ್ರಿ. ಸಾರಿಸೂದು ಕಡಿಗೆ. ಒಮ್ಮೆ ಬಾಜೂಮನ್ಯಾರು ಬರೇ ಸಾರಿಸಿ ಬಿಟ್ಟಿದ್ರು. ಅವರ ಕೂಸಿಗೆ ವಾಂತಿ-ಭೇದಿ ಹತ್ತಿ…” ಪಾರವ್ವ ಗಂಗಿಯನ್ನು ಇನ್ನಷ್ಟು ಒತ್ತಿ ಹಿಡಿದಳು.

ಲಕ್ಕವ್ವ ಬಿಗುವಾದಳು. ಉಂಡ ಮೇಲೆ ಚಾಪೆಯನ್ನೂ ಹಾಸದೆ ಪಡಸಾಲೆಯ ನೆಲದ ಮೇಲೆ ಮಲಗಿದಳು, ಸೊಸೆಗೆ ಕಾಣುವ ಹಾಗೆ. ಕೆನ್ನೆಗೆ ನೆಲ ತಂಪಾಗಿ ಹತ್ತಿತು. ಸ್ವಲ್ಪ ಹೊತ್ತಿಗೆ ಕಿವಿಯ ಹತ್ತಿರ ಹಸಿ ಹಸಿ ಅನ್ನಿಸಿತು. ಸಗಣಿಯ ವಾಸನೆ ಅವಳಿಗೆ ಹುಟ್ಟಿದಾಗಿನಿಂದ ಗೊತ್ತು; ಅದರ ಅಡಿಯಿಂದ ಇನ್ನೊಂದು ವಾಸನೆ ಏಳುತ್ತಿತ್ತು. ಎದ್ದು ಕುಳಿತು ಹೆಬ್ಬೆರಳಿನಿಂದ ಒತ್ತಿದಳು. ಮೇಲಿನ ಸಗಣಿಯ ಹೊಪ್ಪಳೆ ಒಡೆದು ಕರಿ ನೀರು ಒಸರಿತು.

ಬೆರಳನ್ನು ಮೂಸಿ ನೋಡಿದಳು. ಆಮೇಲೆ ಹಿತ್ತಲಿಗೆ ಹೋಗಿ ಗುದ್ದಲಿ ತಂದಳು.

“ಕೂಸಿನ ಕರಕೊಂಡ ಭರಮವ್ವನ ಮನ್ಯಾಗ ಇರು.”

“ನಾನೂ ಕೈ ಹಚ್ಚತೀನ್ರಿ ಅತ್ತಿ.”

“ಮಲಿ ಕುಡಸಾಕಿ ನೀ. ಇದರಾಗ ಕೈ ಹಾಕಬ್ಯಾಡ.”

ಪಾರವ್ವ ಹೋದಳು, ಹೋದವಳು ಪರಪ್ಪನ ಹಳೆಯ ಕೆರ ಹಿಡಿದು ತಿರುಗಿ ಬಂದಳು. “ಇವನ್ನ ಮೆಟ್ಕೊಂಡ ಅಗೀರಿ. ನಿಮ್ಮ ಹಿಮ್ಮಡಿ ಒಡದಾವು. ಬಿರುಕಿನ್ಯಾಗ ಹೊಲಸ ಹೋದೀತು.”

ಆ ಮನೆಯ ಹೊಸ್ತಿಲು ದಾಟಿ ಕೆರ ಎಂದೂ ಒಳಗೆ ಬಂದಿರಲಿಲ್ಲ. “ಮನ್ಯಾಗ ಕೆರಾ ಮೆಟ್ಟಸ್ತಿ ನನಗ,” ಎಂದು ಲಕ್ಕವ್ವ ಗೊಣಗಿದಳು. ಮೆಟ್ಟಿಕೊಂಡಳು.

ಇಷ್ಟು ವರ್ಷ ಅಂಗೈಯಿಂದ ನಯಮಾಡಿದ ನೆಲವನ್ನು ಅವಳೇ ಅಗೆದಳು. ಕೆಳಗೆ ಗಟ್ಟಿಯಾದ ಒಣಮಣ್ಣು ಸಿಗುವ ತನಕ ಬಿಡಲಿಲ್ಲ. ಹಸಿ ಮಣ್ಣನ್ನು ಬಾವಿಯಿಂದ ದೂರ ಹೊತ್ತು, ಕುಣಿ ತೋಡಿ, ಸುಣ್ಣ ಬೀರಿ ಮುಚ್ಚಿದಳು.

ಭರಮವ್ವ ಹಣಿಕಿ ಹಾಕಿದಳು. “ಏನ ಲಕ್ಕಕ್ಕ, ನಿಮ್ಮತ್ತಿ ಹುಗದಿಟ್ಟ ಬಂಗಾರ ಸಿಕ್ಕಿತೇನ?”

“ನಿಮ್ಮ ಎಮ್ಮಿ ಗಂಜಳ ಸಿಕ್ಕೇತಿ. ಬುಟ್ಟಿ ತಗೊಂಡ ಬಾ, ಒಯ್ಯುವಂತಿ.”

ಸಂಜೆ ಗಂಗಿ ಅಜ್ಜಿಯನ್ನು ಕಂಡು ಕೈ ಚಾಚಿದಳು. ಲಕ್ಕವ್ವ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ದೂರವೇ ನಿಂತಳು. ಬೂದಿ ಹಚ್ಚಿ ಬಿಸಿನೀರಲ್ಲಿ ಕೈಕಾಲು ತಿಕ್ಕಿ, ಮಿಂದು, ಸೀರೆ ಬದಲಿಸಿದ ಮೇಲೆಯೇ ಎತ್ತಿಕೊಂಡಳು.

ಬರಿದಾದ ನೆಲಕ್ಕೆ ಸುಣ್ಣ ಬೀರಿ, ಕದ ತೆರೆದು, ಬಿಸಿಲು ಗಾಳಿಗೆ ಬಿಟ್ಟರು. ಭರಮವ್ವನ ಕಟ್ಟೆಯ ಮೇಲೆ ಅಡುಗೆ ನಡೆಯಿತು. ಲಕ್ಕವ್ವ ದಿನಾ ಬೆಳಿಗ್ಗೆ ಮೂಲೆ ಮೂಲೆಯಲ್ಲಿ ಬೆರಳೂರಿ ನೋಡಿ, “ಇನ್ನೂ ಇಲ್ಲ,” ಎನ್ನುತ್ತಿದ್ದಳು. ಒಣಗಿತೆಂದ ದಿನ ಗುಡ್ಡದ ಕಡೆಯಿಂದ ಹೊಸ ಮಣ್ಣು ತರಿಸಿ ಅತ್ತೆ ಸೊಸೆ ಇಬ್ಬರೂ ಹಲಗೆಯಿಂದ ಬಡಿದರು. ನೆಲ ಅಲ್ಲಲ್ಲಿ ಉಬ್ಬುತಗ್ಗಾಗಿಯೇ ಉಳಿಯಿತು.

ಅದೂ ಪೂರ್ತಿ ಗಟ್ಟಿಯಾದ ಮೇಲೆ ಲಕ್ಕವ್ವ ಕೌದಿ ಹಾಸಿ, “ಬಿಡು ಕೂಸಿನ,” ಎಂದಳು.

ಗಂಗಿ ಕೌದಿಯ ಮೇಲೆ ಚಣವೂ ಕೂರಲಿಲ್ಲ. ಸರಸರ ನೆಲಕ್ಕಿಳಿದು, ಮಣ್ಣು ಕೆದರಿ, ಬೆರಳು ಬಾಯಿಗೆ ಒಯ್ದಳು. ಇಬ್ಬರೂ ಒಮ್ಮೆಲೇ ಬಾಗಿದರು. ಲಕ್ಕವ್ವನ ಕೈ ಮೊದಲು ಮುಟ್ಟಿತು. ಸೆರಗಿನ ತುದಿಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿ, ಮಗುವನ್ನು ಮತ್ತೆ ಅಲ್ಲಿಯೇ ಬಿಟ್ಟಳು.