ನತ್ತು ಹಾಕಿದ ಗೊಂಬೆ

ಗೋಕಾಕದಲ್ಲಿ ನಮ್ಮ ಕಾಕಾನ ಮ್ಯೂಸಿಯಂ ಆಗಿದೆ ಎಂದರೆ ಹುಕ್ಕೇರಿಯ ನನ್ನ ಗಂಡನ ಮನೆಯ ಓಣಿಯವರು ಅರಮನೆಯನ್ನೇ ಊಹಿಸಿಕೊಳ್ಳುತ್ತಾರೆ. ಇರುವುದು ಎರಡೇ ಕೋಣೆ. ಅಪ್ಪನ ತಮ್ಮನಾದ ಕಾಕಾ ಕೂತು ಮರದ ಗೊಂಬೆಗಳಿಗೆ ಬಣ್ಣ ಹಚ್ಚುತ್ತಿದ್ದ ಕೋಣೆಗಳವು. ಆತ ಹೋದ ಮೇಲೆ, ಆತನಿಂದ ಆಸರೆ ಪಡೆದಿದ್ದ ಕೆಲವರು ಸೇರಿ ಸುಣ್ಣ ಬಳಿದು ಗಾಜಿನ ಕಪಾಟು ನಿಲ್ಲಿಸಿದ್ದಾರೆ. ಹುಣಸೆಬೀಜದ ಅಂಟಿನ ವಾಸನೆ ಮಾತ್ರ ಸುಣ್ಣಕ್ಕೂ ಜಗ್ಗಿಲ್ಲ. ಒಳಗೆ ಕಾಲಿಟ್ಟರೆ ನಾನು ಮತ್ತೆ ಎಂಟು ವರ್ಷದವಳು.

ಕಾಕಾ ಸಲಿಂಗಿ. ಆ ಪದ ಗೋಕಾಕಕ್ಕೆ ಬರುವ ಮೊದಲೇ ಆತ ಅದನ್ನು ಫಲಕದ ಮೇಲೆ ಬರೆದು, ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಮುಂದೆ ನಿಂತಿದ್ದ. ಗಂಡಸನ್ನು ಪ್ರೀತಿಸಿದನೆಂದು ಮಗನನ್ನು ಹೊರಗೆ ಹಾಕಿದವರ ಮನೆ ಕುಲಗೋಡದಲ್ಲಿರಲಿ, ಮೂಡಲಗಿಯಲ್ಲಿರಲಿ, ಬಸ್ಸು ಹಿಡಿದು ಹೋಗುತ್ತಿದ್ದ. ಆ ತಾಯಿಯ ಕೈಗೊಂದು ಗೊಂಬೆ ಕೊಟ್ಟು ಮಾತಿಗೆ ಕೂರುತ್ತಿದ್ದ. ಎಷ್ಟೋ ತಾಯಂದಿರ ಮನಸ್ಸು ಕರಗಿಸಿದ. ತನ್ನ ಸ್ವಂತ ತಾಯಿ, ನಮ್ಮ ಅಜ್ಜಿಯ ಮುಂದೆ ಮಾತ್ರ ಆತನ ಬೇಳೆ ಬೇಯಲಿಲ್ಲ.

ಆತನ ಸಂಗಾತಿ ಗೋಕಾಕ ಫಾಲ್ಸಿನ ನೂಲಿನ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ನಾವು ಮಕ್ಕಳು ಅವನನ್ನು ಮಿಲ್ ಕಾಕಾ ಎನ್ನುತ್ತಿದ್ದೆವು. ರವಿವಾರ ನೀಲಿ ಅಂಗಿ ತೊಟ್ಟು, ಪುಠಾಣಿಯ ಪೊಟ್ಟಣ ಹಿಡಿದು ಬರುತ್ತಿದ್ದ. ಅಜ್ಜಿ ಚಹಾ ಕಳಿಸುತ್ತಿದ್ದಳು, ಕಟ್ಟೆಗೆ. ಒಳಗೆ ಬಾ ಎಂದು ಒಂದು ಸಲವೂ ಅನ್ನಲಿಲ್ಲ. ಅಜ್ಜಿಯ ಮೇಲಿನ ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ, ಅವಳನ್ನು ಎಷ್ಟೇ ನೆನೆದು ಅತ್ತರೂ.

ನಮ್ಮ ಮನೆಯಲ್ಲಿ ಗೊಂಬೆಗೆ ಕಣ್ಣು ಬರೆಯುವವನು ಕಾಕಾ. ಹೆಣ್ಣುಗೊಂಬೆಯ ಹಣೆಗೆ ಕುಂಕುಮ, ಮೂಗಿಗೆ ನತ್ತು ಬರೆಯುವುದು ನನ್ನ ಕೆಲಸ. ಗೊಂಬೆಗಳು ಯಾವಾಗಲೂ ಜೋಡಿಯಾಗಿಯೇ ಬರುತ್ತಿದ್ದವು, ಒಂದು ಗಂಡು, ಒಂದು ಹೆಣ್ಣು. ಒಂದು ದಿನ ಕಾಕಾನ ಕೋಣೆಯ ಕಿಟಕಿಯಲ್ಲಿ ಒಣಗಲು ಇಟ್ಟಿದ್ದ ಜೋಡಿಯಲ್ಲಿ ಎರಡರ ತಲೆಗೂ ರುಮಾಲು, ಎರಡಕ್ಕೂ ಮೀಸೆ! ಕಾಕಾ ಮರೆತಿದ್ದಾನೆ ಎಂದುಕೊಂಡೆ. ಒಂದರ ಮೀಸೆಯ ಮೇಲೆ ಮೈಬಣ್ಣ ಬಳಿದೆ. ರುಮಾಲಿಗೆ ಹಸಿರು ಹಚ್ಚಿ ಸೆರಗು ಮಾಡಿದೆ. ನೀಲಿ ಅಂಗಿಯನ್ನು ಕುಪ್ಪಸವೆಂದು ಹಾಗೇ ಬಿಟ್ಟೆ. ಕುಂಕುಮವಿಟ್ಟು, ದೊಡ್ಡದೊಂದು ನತ್ತು ಬರೆದು, ಶಾಣ್ಯಾಕಿ, ಜಾಣೆ ಎನಿಸಿಕೊಳ್ಳಲು ನೇರ ಅಜ್ಜಿಯ ಹತ್ತಿರ ಒಯ್ದೆ.

"ಜೋಡಿ ಭಾಳ ಛಲೋ ಆಗೇತಿ. ಇಲ್ಲೇ ಇರಲಿ," ಎಂದು ಅಜ್ಜಿ ಅವನ್ನು ದೇವರ ಜಗಲಿಯ ಪಕ್ಕದ ಗೂಡಿನಲ್ಲಿ ಇಟ್ಟಳು.

ಊಟಕ್ಕೆ ಬಂದ ಕಾಕಾ ಗೂಡಿನ ಮುಂದೆ ನಿಂತೇಬಿಟ್ಟ. ನನ್ನನ್ನು ನೋಡಿದ. ತಿರುಗಿ ಸೈಕಲ್ ಹತ್ತಿ ಹೋದ. ಊಟವನ್ನೂ ಮಾಡಲಿಲ್ಲ. ನನ್ನ ಮದುವೆಯಲ್ಲಿ ಅಜ್ಜಿ ಅದೇ ಜೋಡಿಯನ್ನು ನನ್ನ ಸಾಮಾನಿನೊಡನೆ ಹುಕ್ಕೇರಿಗೆ ಕಳಿಸಿದಳು. ಮುಂದೆ ಅದು ಕಾಕಾ ಮತ್ತು ಮಿಲ್ ಕಾಕಾನ ಜೋಡಿ ಎಂದು ಅರ್ಥವಾದಾಗ ಆ ಗೊಂಬೆಯ ಮುಖ ನೋಡಲು ನಾಚಿಕೆಯಾಗುತ್ತಿತ್ತು. ಆ ದಿನದ ಬಗ್ಗೆ ಕಾಕಾನನ್ನು ಕೇಳುವ ಧೈರ್ಯ ಆತ ಇರುವವರೆಗೂ ಬರಲಿಲ್ಲ.

ಹೋದ ತಿಂಗಳು ಆ ಜೋಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಗೋಕಾಕದ ಬಸ್ಸು ಹತ್ತಿದೆ. ಮ್ಯೂಸಿಯಂನಲ್ಲಿ ಮಿಲ್ ಕಾಕಾ ಒಬ್ಬನೇ ಕುರ್ಚಿಯ ಮೇಲೆ ಕೂತಿದ್ದ. ಈಗ ಕೋಲು ಬೇಕು, ಅಂಗಿ ಮಾತ್ರ ಇನ್ನೂ ನೀಲಿಯೇ. ಗೊಂಬೆಗಳನ್ನು ಅವನ ಮುಂದಿಟ್ಟು, ಮಾಡಿದ ತಪ್ಪನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಮ್ಯಾಲಿನ ಬಣ್ಣ ಕೆರದು ತಗೀತೇನ್ರಿ ಕಾಕಾ. ಒಳಗ ನಿಮ್ಮ ಮೀಸಿ ಇನ್ನೂ ಐತಿ," ಎಂದು ಬ್ಲೇಡು ತೆಗೆದೆ.

ಅವನು ಗೊಂಬೆಯನ್ನು ಅಂಗೈಯಿಂದ ಮುಚ್ಚಿದ.

"ಬ್ಯಾಡವಾ. ಅವತ್ತ ನಿಮ್ಮ ಕಾಕಾ ಸೈಕಲ್ ತುಳಕೊಂಡು ಎಲ್ಲಿ ಹೋಗಿದ್ದ ಗೊತ್ತೈತೇನು? ಮಿಲ್ಲಿನ ಗೇಟಿಗೆ ಬಂದಿದ್ದ. ನಕ್ಕು ನಕ್ಕು ಕಣ್ಣಾಗ ನೀರು. 'ನಮ್ಮವ್ವ ನಿನ್ನ ಒಳಗ ಕುಂದ್ರಿಸ್ಯಾಳಲೇ, ದೇವರ ಬಾಜೂಕ!' ಅಂದ. ನಾ ಆ ಮನಿ ಹೊಸ್ತಲಾ ದಾಟಿದ್ದು ಅದೊಂದ ಸಲ. ನೀನ ಕರಕೊಂಡು ಹೋದಿ."

ಇಷ್ಟು ವರ್ಷ ಅದನ್ನು ಸಿಟ್ಟು ಎಂದುಕೊಂಡಿದ್ದೆನಲ್ಲ! ನೆಲದ ಮೇಲೆ ಕೂತು ಅತ್ತೆ. ಅವನು ಸಾಕಾಗುವಷ್ಟು ಅಳಲು ಬಿಟ್ಟು, ಆಮೇಲೆ ಕೋಲಿನಿಂದ ಮೆಲ್ಲಗೆ ತಿವಿದ.

"ಏಳು, ಕಪಾಟಿನ್ಯಾಗ ಗೊಂಬಿ ಮುಂದ ಇಡಾಕ ಚೀಟಿ ಬರಿ. ಇಬ್ಬರೂ ಗಂಡಸರು, ಅಂತ ಬರಿ. ಒಬ್ಬಾಂವಗ ಮಗಳು ನತ್ತು ಹಾಕ್ಯಾಳ, ಅಂತ ಬರಿ."

ಮಗಳು ಎಂದೇ ಬರೆದೆ.