ನಡುಕದಕ್ಕ ಮತ್ತು ಹಸಿರು ಸಹಿ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ನಡುಕದಕ್ಕ ಎಂದೇ ಕರೆಯುತ್ತಿದ್ದರು. ಪ್ರೋಟೀನಿನ ಹರಳಿನೊಳಗೆ ಯಾವ ಪರಮಾಣು ಎಷ್ಟು ನಡುಗುತ್ತದೆ ಎಂದು ಅಳೆಯುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ. ಅಷ್ಟು ವರ್ಷದಲ್ಲಿ ಒಂದೇ ಒಂದು ಪ್ರಬಂಧದ ಮೇಲೂ ಅವಳ ಹೆಸರು ಬಂದಿರಲಿಲ್ಲ. ಕೊನೆಯ ಪುಟದ 'ನೆರವಾದವರಿಗೆ ವಂದನೆ' ಎಂಬ ಸಾಲಿನಲ್ಲಿ ಅವಳೂ ಎ.ಸಿ. ರಿಪೇರಿಯವನೂ ಒಟ್ಟಿಗೆ ಸೇರುತ್ತಿದ್ದರು. "ನಿನ್ನ ಹೆಸರು ಅಚ್ಚಾಗೋದನ್ನ ನೋಡಿಯೇ ನಾನು ಕಣ್ಣು ಮುಚ್ಚೋದು" ಎಂದು ಮನೆಯಲ್ಲಿ ಅತ್ತೆ ಹಟ ಹಿಡಿದಿದ್ದರು.

ಪ್ರಯೋಗಾಲಯದ ಮುಖ್ಯಸ್ಥರಾದ ಮೇಷ್ಟ್ರಿಗೆ ಎರಡು ಚಟ. ತಮ್ಮನ್ನು ತಾವೇ ಹೊಗಳಿಕೊಳ್ಳುವುದು ಒಂದು. ಕಣ್ಣಿಗೆ ಬಿದ್ದ ಹಾಳೆಗೆಲ್ಲ ಹಸಿರು ಶಾಯಿಯಲ್ಲಿ ಸಹಿ ಜಡಿಯುವುದು ಇನ್ನೊಂದು. ಈ ಸಲ ಅವರು ತಿದ್ದಿ ತೀಡಿದ ಪ್ರೋಟೀನು ಹಳೆಯದರ ಅರ್ಧದಷ್ಟೂ ನಡುಗುವುದಿಲ್ಲವಂತೆ, ಅಷ್ಟು ಗಟ್ಟಿಯಂತೆ! ಹೇಗೆ ನಡುಗೀತು? ಹೊಸ ಹರಳನ್ನು ಹೆಪ್ಪುಗಟ್ಟಿಸಿ ಅವಳಿಂದ ಅಳೆಸಿದ್ದರು, ಹಳೆಯದನ್ನು ಕೋಣೆಯ ಬಿಸಿಯಲ್ಲಿ. ಚಳಿ ಹೆಚ್ಚಿದಷ್ಟೂ ಪರಮಾಣುಗಳ ನಡುಕ ಕಡಿಮೆ.

"ಸರ್, ಫ್ರಿಜ್ಜಲ್ಲಿಟ್ಟ ಬೆಣ್ಣೆ, ಹೊರಗಿಟ್ಟ ಬೆಣ್ಣೆ ಎರಡನ್ನೂ ಒತ್ತಿ ನೋಡಿ, ಯಾವ ಹಸು ಒಳ್ಳೇದು ಅಂದ ಹಾಗಾಯ್ತು" ಎಂದಳು ಅವಳು. ಪ್ರತಿ ಹರಳಿನ ಅಂಕಿಗಳನ್ನು ಮೊದಲು ಅದರದೇ ಸರಾಸರಿಯ ಜತೆ ತೂಗಿ, ಆಮೇಲೆ ಹೋಲಿಸಿದ ಹಾಳೆಯನ್ನು ಮುಂದಿಟ್ಟಳು. ಅದರಲ್ಲಿ ಎರಡೂ ಒಂದೇ ತರ ನಡುಗುತ್ತಿದ್ದವು.

ಮೇಷ್ಟ್ರು ಮೂಗು ಮುರಿದರು. ಹಾಳೆಯ ಮೇಲೆ 'ಇದು ಬೇಡ' ಎಂದು ಗೀಚಿ, ಚಟ ಬಿಡಲಾರದೆ ಸಹಿಯನ್ನೂ ತಾರೀಖನ್ನೂ ಹಾಕಿದರು. "ಸುಮ್ನಿರಮ್ಮಾ. ಈ ಸಲ ನಿನ್ನ ಹೆಸರೂ ಹಾಕ್ತೀನಿ."

ಅತ್ತೆಯ ಮುಖ ನೆನಪಾಗಿ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ತನ್ನ ಆಸೆಗೆ ತನಗೇ ನಾಚಿಕೆಯಾಯಿತು. ಹಾಳೆಯನ್ನು ಮಾತ್ರ ಎಸೆಯದೆ ಮಡಚಿ ಕೈಚೀಲಕ್ಕೆ ಸೇರಿಸಿದಳು.

ವಾರದ ನಂತರ, ತುಂಬಿದ ಸಭೆಯಲ್ಲಿ ಮೇಷ್ಟ್ರು ಎದೆಯುಬ್ಬಿಸಿ ಭಾಷಣ ಮಾಡಿದರು. ಹೊರಗಿನಿಂದ ಬಂದಿದ್ದ ಹಿರಿಯ ವಿಜ್ಞಾನಿಯೊಬ್ಬರು ಎದ್ದು, "ಎರಡನ್ನೂ ಒಂದೇ ಚಳೀಲಿ ಅಳೆದ್ರಾ?" ಎಂದು ಕೇಳಿದರು.

ಮೇಷ್ಟ್ರು ಹಣೆಯ ಬೆವರೊರೆಸಿಕೊಂಡರು. "ಅಳತೆಯೆಲ್ಲ ಇವರದು" ಎಂದು ನಡುಕದಕ್ಕನತ್ತ ಬೆರಳು ತೋರಿಸಿ, ಅವಳ ಪೂರ್ತಿ ಹೆಸರನ್ನು ಮೈಕಿನಲ್ಲಿ ಸ್ಪಷ್ಟವಾಗಿ ಹೇಳಿದರು. ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ಹೋಗಿ ಕೈಚೀಲದ ಹಾಳೆಯನ್ನು ಆ ಹಿರಿಯರ ಕೈಗಿತ್ತಳು. "ಅಳೆದವಳು ನಾನೇ ಸರ್. ನಾನು ಹೋಲಿಸಿದ್ದು ಹೀಗೆ. ಬೇಡ ಅಂದವರ ಸಹಿ ಕೆಳಗಿದೆ."

ಪ್ರಬಂಧದ ಮೇಲೆ ತನ್ನ ಹೆಸರು ಇನ್ನು ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕೈ ನಡುಗುತ್ತಿತ್ತು. ಹಸಿರು ಸಹಿ ಮಾತ್ರ ಎಳ್ಳಷ್ಟೂ ನಡುಗದೆ ಮೂಡಿತ್ತು.