ಕಾಗೆಗಳು ಮರೆಯದ ಮುಖ

ರಬ್ಬರು, ಬೆವರು, ಮಲ್ಲಿಗೆ ಪೌಡರು… ಈ ಮೂರೂ ಕೂಡಿದ ವಾಸನೆ ಯಾರಿಗೂ ಇಷ್ಟವಾಗಲಿಕ್ಕಿಲ್ಲ. ಮೊನ್ನೆ ಟ್ರಂಕಿನ ಮುಚ್ಚಳ ತೆರೆದಾಗ ಅದು ಮೂಗಿಗೆ ಬಡಿದು ನನ್ನನ್ನು ಅಲ್ಲೇ ನೆಲದ ಮೇಲೆ ಕೂರಿಸಿಬಿಟ್ಟಿತು. ಹುಡುಕುತ್ತಿದ್ದದ್ದು ಶಾಲೆಯೊಂದರ ವಾರ್ಷಿಕ ಗ್ಯಾದರಿಂಗಿಗೆ ಬೇಕಾದ ವಿಗ್ಗು. ಸಿಕ್ಕಿದ್ದು ಹಳೆಯ ಟವೆಲ್ಲಿನಲ್ಲಿ ಸುತ್ತಿಟ್ಟ ರಬ್ಬರ್ ಮುಖವಾಡ. ಬದನೆಕಾಯಿಯಂಥ ಮೂಗು, ಬಿಳಿ ಹುಬ್ಬು, ಜೋತುಬಿದ್ದ ಕೆನ್ನೆಯ ಒಬ್ಬ ಮುದುಕ. ಅಂಟಿಕೊಂಡು ಹಾಳಾಗಬಾರದೆಂದು ಅದರ ಒಳಗೆ ಪೌಡರು ಸವರಿಡುವುದನ್ನು ಕಲಿಸಿದವರು ನಮ್ಮ ಪ್ರಾಣಿಶಾಸ್ತ್ರದ ಸರ್.

ನಾನು ಮಿಮಿಕ್ರಿಯವ. ಬೋರಗಾಂವದ ಪವರ್‌ಲೂಮು, ರಾಯಬಾಗ ಬಸ್ಸಿನ ಕಂಡಕ್ಟರು, ನಮ್ಮಪ್ಪನ ಗೊರಕೆ, ಯಾವುದನ್ನೂ ಬಿಟ್ಟವನಲ್ಲ. ಚಿಕ್ಕೋಡಿಯ ಕಾಲೇಜಿನಲ್ಲಿ ಓದುವಾಗ ಸರ್ ಅವರ ದನಿಯನ್ನೂ ತೆಗೆಯುತ್ತಿದ್ದೆ. ಗಂಟಲು ಕೆರೆದುಕೊಂಡು, "ಅಂದ್ರ ಏನಪಾ ಅಂದ್ರ…" ಎಂದು ಶುರುಮಾಡುವುದು ಅವರ ಪದ್ಧತಿ. ಒಮ್ಮೆ ಕಿಟಕಿಯ ಆಚೆ ನಿಂತು ಪೂರ್ತಿ ಕೇಳಿಸಿಕೊಂಡು ಒಳಗೆ ಬಂದರು. ಹುಡುಗರೆಲ್ಲ ಪುಸ್ತಕದಲ್ಲಿ ಮುಖ ಹುದುಗಿಸಿದರು.

"ನಾ ಗಂಟಲಾ ಎರಡ ಸಲ ಕೆರಕೋತೀನಿ. ನೀ ಒಮ್ಮೆ ಕೆರಕೊಂಡಿ," ಅಂದರು. "ನೋಡೂದ ಕಲಿ ಮೊದ್ಲ."

ಕ್ಲಾಸು ಮುಗಿದ ಮೇಲೆ ಕರೆದು, ಗಣಪತಿ ಮಂಡಳದ ಕಾರ್ಯಕ್ರಮದಲ್ಲಿ ನಾನು ಹಾಕಿಕೊಂಡಿದ್ದ ಮುದುಕನ ಮುಖ ಯಾರದೆಂದು ಕೇಳಿದರು.

"ನಂದ್ರೀ ಸರ್. ನಿಪ್ಪಾಣಿ ಸಂತ್ಯಾಗ ತಂದದ್ದು."

"ಎರಡ ವರ್ಷ ಬಾಡಿಗಿಗಿ ಕೊಡ್ತಿ? ಅದನ್ನ ಹಾಕ್ಕೊಳ್ಳಾಕ ಒಂದ ಮೈನೂ ಬೇಕು. ನಿಂದಽ ನಡದೀತು."

ಸರ್ ತಲೆಯಲ್ಲಿ ಒಂದು ಪ್ರಶ್ನೆ ಗೂಡು ಕಟ್ಟಿತ್ತು. ತನಗೆ ಕೇಡು ಮಾಡಿದ ಮುಖವನ್ನು ಕಾಗೆ ನೆನಪಿಡುತ್ತದೆ. ಆದರೆ ಆ ಮುಖ ಕೆಟ್ಟದ್ದೆಂದು ತನ್ನ ಮರಿಗೂ ಕಲಿಸುತ್ತದೆಯೆ? ಕಲಿಸಿದ ಕಾಗೆ ಸತ್ತ ಮೇಲೂ ಆ ಸಿಟ್ಟು ಉಳಿಯುತ್ತದೆಯೆ? ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕೆ ಹಣ ಕೊಡುವ ದೂರದೂರಿನ ಸಂಸ್ಥೆಯೊಂದು ಈ ಪ್ರಶ್ನೆಯನ್ನು ಮೆಚ್ಚಿ, ಎರಡು ವರ್ಷಕ್ಕೆ ಸಣ್ಣದೊಂದು ಗ್ರಾಂಟು ಕೊಟ್ಟಿತ್ತು. ಸ್ಟಾಫ್ ರೂಮಿನಲ್ಲಿ ಅದೇ ದೊಡ್ಡ ನಗೆ. "ಕಾಗಿಗೂ ಗ್ರಾಂಟ್ ಬರ್ತೈತೇನ್ರಿ? ನಮ್ಮ ಪಾಯಖಾನಿಗಿ ಬರವಲ್ದು!"

ಅರಣ್ಯ ಇಲಾಖೆಯ ಅನುಮತಿ ಬಂದ ಮೇಲೆ ಕಾಲೇಜಿನ ಹಿಂದಿನ ಹುಣಸೆ ಮರಗಳ ಕೆಳಗೆ ಭಡಂಗ ಚೆಲ್ಲಿ ಬಲೆ ಹಾಕಿದೆವು. ಚುರುಮುರಿಯ ಆಸೆಗೆ ಬಂದ ಕಾಗೆಗಳನ್ನು ಹಿಡಿದು, ಕಾಲಿಗೆ ಕೆಂಪು ಉಂಗುರ ತೊಡಿಸಿ ಬಿಡುವುದು. ಹಿಡಿಯುವವ ನಾನು, ಮುದುಕನ ಮುಖದಲ್ಲಿ. ಸರ್ ಗೋಡೆಯ ಹತ್ತಿರ ಛತ್ರಿ ಹಿಡಿದು ನಿಂತಿರುತ್ತಿದ್ದರು. ಅವರದು ಒಂದೇ ಕಟ್ಟಪ್ಪಣೆ.

"ಇಲ್ಲಿ ಮಿಮಿಕ್ರಿ ಬಂದ್. ನೀ ಕಾಗಿ ಹಂಗ ಕೂಗಿದ್ರ ಅವು ನಿನಗ ಉತ್ತರಾ ಕೊಡ್ತಾವ. ನನ್ನ ಪ್ರಶ್ನಿಗಲ್ಲ."

ಬಾಯಿ ಮುಚ್ಚಿಕೊಂಡಿರುವುದಕ್ಕೆ ನನಗೆ ಸಂಬಳ ಕೊಟ್ಟ ಮೊದಲ ಮನುಷ್ಯ ಅವರು.

ಆಮೇಲಿನದು ನನ್ನ ಪಾಲಿನ ಮೆರವಣಿಗೆ. ಮುಖವಾಡ ಹಾಕಿ ಹುಣಸೆಯ ಕೆಳಗೆ ಕಾಲಿಟ್ಟರೆ ಸಾಕು, ಇಡೀ ಮರ ಬಾಯಿ ತೆರೆದು ಬಯ್ಯುತ್ತಿತ್ತು, ತಲೆಗೆ ಕುಕ್ಕಲು ಬರುತ್ತಿತ್ತು. ಅದೇ ದಾರಿಯಲ್ಲಿ ಬರಿ ಮುಖದಿಂದ ನಡೆದರೆ ಒಂದು ಕಾಗೆಯೂ ತಿರುಗಿ ನೋಡುತ್ತಿರಲಿಲ್ಲ. ಕಾಲೇಜಿನ ಹುಡುಗಿಯರೂ ಹಾಗೇ ಮಾಡುತ್ತಿದ್ದರು, ಹಾಗಾಗಿ ನನಗೆ ಹೊಸ ದುಃಖವೇನೂ ಆಗಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬಳು ಇದನ್ನು ಕಂಡು, "ಶನಿ ಬೆನ್ನ ಹತ್ತ್ಯಾನೋ ಎಪ್ಪಾ ನಿನಗ, ಶನಿವಾರ ಮಾರುತಿಗಿ ಎಣ್ಣಿ ಹಾಕು," ಎಂದು ಕಳವಳಪಟ್ಟಳು.

ಬಲೆ ಹಾಕದ ಊರಿನ ಕಾಗೆಗಳು ಬಯ್ಯುವುದಿಲ್ಲವೆಂದು ತೋರಿಸಬೇಕಿತ್ತು. ಅದಕ್ಕೇ ಅಥಣಿ, ಕಾಗವಾಡ, ಉಗಾರ ಬುದ್ರುಕ ಎಂದು ಬಸ್ಸಿನಲ್ಲಿ ಮುದುಕನನ್ನು ಚೀಲಕ್ಕೆ ಹಾಕಿಕೊಂಡು ಸುತ್ತಿದೆವು. ಉಗಾರದಲ್ಲಿ ಕಾಗೆಗಳು ಸುಮ್ಮನಿದ್ದವು. ನಾಯಿಗಳು ಮಾತ್ರ ಕಬ್ಬಿನ ಗದ್ದೆಯವರೆಗೆ ಅಟ್ಟಿಸಿಕೊಂಡು ಬಂದವು. ನಾನು ಏದುಸಿರು ಬಿಡುತ್ತ, "ಇದನ್ನೂ ಬರಕೋರಿ ಸರ್," ಅಂದೆ.

"ನಾಯಿ ನಮ್ಮ ವಿಷಯ ಅಲ್ಲ," ಅಂದರು ಸರ್, ನನಗಿಂತ ಮುಂದೆ ಓಡುತ್ತಲೇ.

ಎರಡು ವರ್ಷ ಮುಗಿದಾಗ ಉಂಗುರದ ಕಾಗೆಗಳ ಜೊತೆ ಮರಿಗಳೂ ಬಯ್ಯುತ್ತಿದ್ದವು. ನನಗೆ ಅಷ್ಟೇ ಸಾಕಿತ್ತು. ಸರ್ ಒಪ್ಪಲಿಲ್ಲ. "ದೊಡ್ಡವು ಒದರತಾವಂತ ಸಣ್ಣವೂ ಒದರತಿರಬೇಕು. ಮಂದಿ ಕೂಡ ನೀ ಚಪ್ಪಾಳಿ ಹೊಡಿಯೂದಿಲ್ಲಾ? ಹಂಗ. ಉಂಗುರದ್ದು ಒಂದೂ ಇರಬಾರದು, ಆವಾಗ ಬಯ್ಯಬೇಕು." ಅಂದರೆ ಇನ್ನೂ ಕೆಲವು ವರ್ಷ ಕಾಯಬೇಕು. ಅವರು ಗ್ರಾಂಟು ಮುಂದುವರಿಸಲು ಕೇಳಿದರು. ಸಂಸ್ಥೆಯವರು ಕಂಪ್ಯೂಟರಿನಲ್ಲೇ ಸಂದರ್ಶನ ಇಟ್ಟರು.

ಅದರ ಹಿಂದಿನ ಸಂಜೆ ಸರ್ ಮನೆಯಲ್ಲಿ ತಾಲೀಮು ನಡೆಯಿತು. ಸಮಿತಿಯ ಮೂವರೂ ನಾನೇ. ಒಬ್ಬನಿಗೆ ನೆಗಡಿ, ಒಬ್ಬನಿಗೆ ಅವಸರ, ಒಬ್ಬಾಕೆಗೆ ಎಲ್ಲದರ ಮೇಲೂ ಅನುಮಾನ. ಕಾಕೂ, ಅಂದರೆ ಸರ್ ಹೆಂಡತಿ, ಚಹಾದ ಕಪ್ಪು ಹಿಡಿದುಕೊಂಡೇ ನಕ್ಕು ನಕ್ಕು ಅರ್ಧ ಚೆಲ್ಲಿದರು. "ಇದರಿಂದ ರೈತರಿಗೆ ಏನು ಉಪಯೋಗ?" ಎಂದು ನೆಗಡಿಯ ಮೂಗಿನಲ್ಲಿ ಕೇಳಿದೆ. ಉತ್ತರವನ್ನೂ ನಾನೇ ಕಲಿಸಿದೆ. "ದ್ರಾಕ್ಷಿ ತೋಟಕ್ಕ ಕಾಗಿ ಬರದಂಗ ಮಾಡಬಹುದು ಅನ್ರಿ ಸರ್. ಅನ್ನಾಕ ಏನ ಹೋಗತೈತಿ?"

ಮರುದಿನ ಆ ಪ್ರಶ್ನೆಯೇ ಬಂತು. ಸರ್ ಗಂಟಲು ಕೆರೆದುಕೊಂಡರು, ಎರಡು ಸಲ. "ಅದು ನನಗಿನ್ನೂ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳೋದಕ್ಕೇ ಅವಕಾಶ ಕೇಳ್ತಾ ಇದ್ದೇನೆ," ಅಂದರು. ಬಾಗಿಲ ಸಂದಿಯಿಂದ ಕೇಳುತ್ತಿದ್ದ ನಾನು ಹಣೆ ಹಣೆ ಬಡಿದುಕೊಂಡೆ. ಕೆಲವು ವಾರಗಳಲ್ಲಿ ಉತ್ತರ ಬಂತು: ವಿಷಯ ಬಹಳ ಸ್ವಾರಸ್ಯಕರವಾಗಿದೆ, ಆದರೆ… ಆ 'ಆದರೆ'ಯನ್ನು ಸಮಿತಿಯ ಮೂರೂ ದನಿಗಳಲ್ಲಿ ಅಂದು ತೋರಿಸಿ ಸರ್ ಅವರನ್ನು ನಗಿಸಲು ನೋಡಿದೆ. ನಕ್ಕರು. ಆಮೇಲೆ ಮುಖವಾಡಕ್ಕೆ ಪೌಡರು ಹಚ್ಚಿ, ತಮ್ಮ ಟವೆಲ್ಲಿನಲ್ಲೇ ಸುತ್ತಿ ನನ್ನ ಕೈಗೆ ಕೊಟ್ಟರು.

"ಇಟ್ಕೋ. ಕಾಗಿಗೋಳಿಗಿ ಗ್ರಾಂಟ್ ಮುಗದದ್ದು ಗೊತ್ತಿಲ್ಲ."

ಮುಂದಿನ ಚಳಿಗಾಲದಲ್ಲಿ ಸರ್ ಹೋದರು. ಎದೆನೋವು ಅಂದರು, ಆಸ್ಪತ್ರೆ ಮುಟ್ಟುವುದರೊಳಗೆ…

ರಕ್ಷಾ ವಿಸರ್ಜನೆಯ ದಿನ, ಬೂದಿ ಬಿಟ್ಟ ಮೇಲೆ, ಸ್ಮಶಾನದ ಬಯಲಲ್ಲಿ ಎಲೆ ಹಾಕಿ ಅನ್ನ, ಜುಣಕ, ಭಾಕ್ರಿ, ಅವರಿಗೆ ಪ್ರೀತಿಯ ಭಡಂಗ ಎಲ್ಲ ಇಟ್ಟು ದೂರ ಸರಿದು ನಿಂತೆವು. ಬೇವಿನ ಮರದ ಮೇಲೆ ಕಾಗೆಗಳಿದ್ದವು. ಒಂದೂ ಇಳಿಯಲಿಲ್ಲ.

"ಏನೋ ಆಸೆ ಉಳದೈತಿ," ಅಂದರು ಹಿರಿಯರು. ಒಬ್ಬರು ಮುಂದೆ ಹೋಗಿ ಕೈಮುಗಿದು, "ಮನಿ ನಾವ ನೋಡ್ಕೋತೀವು, ಚಿಂತಿ ಬಿಡು," ಅಂದರು. ಇನ್ನೊಬ್ಬರು ಹೊಲದ ಮಾತೆತ್ತಿದರು. ಕಾಗೆಗಳು ಕುತ್ತಿಗೆ ಹೊರಳಿಸಿ ಕೇಳಿದವು, ಅಷ್ಟೇ. ಬಿಸಿಲೇರಿತು. ಸರ್ ಅವರ ಭಾವಮೈದುನ ನನ್ನ ಹೆಗಲು ತಟ್ಟಿದರು. "ಲೇ, ನೀ ಎಲ್ಲಾ ದನಿ ತೆಗಿತಿ ಅಲ್ಲೇನು? ಕಾಗಿ ಹಂಗ ಕೂಗಿ ಕರಿ."

ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಕಾಕೂ, "ಬ್ಯಾಡ," ಅಂದರು. "ಹಂಗ ಕರದದ್ದು ಅವರಿಗಿ ಸೇರತಿದ್ದಿಲ್ಲ." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. "ಆ ಮುದಕನ ಮಾರಿ ಹಾಕ್ಕೊಳ್ಳೂ ಕೆಲಸ ಮುಗದಿತ್ತೇನಪಾ?"

"ಇಲ್ರೀ ಕಾಕೂ."

"ಹಂಗಾರ ಅದನ್ನ ಹೇಳು, ಹೋಗು."

ಎಲೆಯ ಮುಂದೆ ನಿಂತೆ. ಜೀವನದಲ್ಲಿ ಮೊದಲ ಸಲ ಯಾರ ದನಿಯಲ್ಲಿ ಮಾತಾಡಬೇಕೋ ತಿಳಿಯಲಿಲ್ಲ. "ಸರ್, ಉಂಗುರದವೆಲ್ಲಾ ಹೋಗೂತನಕ ನಾ ಕಾಯ್ತೀನ್ರಿ. ಆಮ್ಯಾಲ ಹೋಗಿ ನೋಡ್ತೀನ್ರಿ," ಅಂದೆ. ಹಿಂದೆ ಸರಿಯುವುದರೊಳಗೆ ಒಂದು ಕಾಗೆ ಇಳಿದು ಭಡಂಗಕ್ಕೆ ಬಾಯಿ ಹಾಕಿತು. ಎಲ್ಲರೂ ಕೈಮುಗಿದರು. ಸರ್ ಇದ್ದಿದ್ದರೆ ಏನನ್ನುತ್ತಿದ್ದರೆಂದು ನನಗೆ ಗೊತ್ತಿತ್ತು: ಒಂದ ಕಾಗಿ ಒಮ್ಮೆ ಬಂದ್ರ ಅದು ಪುರಾವೆ ಅಲ್ಲ.

ಕೆಲವು ಬೇಸಿಗೆ ಹೋಗಿ ನೋಡಿದೆ. ಪ್ರತಿ ಸಲ ಎಲ್ಲೋ ಒಂದು ಕೆಂಪು ಉಂಗುರ ಕಾಣುತ್ತಿತ್ತು, ವಾಪಸು ಬರುತ್ತಿದ್ದೆ. ಆಮೇಲೆ ಕಾರ್ಯಕ್ರಮಗಳು, ಊರೂರು ತಿರುಗಾಟ… ಟ್ರಂಕು ಮುಚ್ಚಿಯೇ ಉಳಿಯಿತು.

ಈ ಭಾನುವಾರ ಬೆಳಿಗ್ಗೆ ಚಿಕ್ಕೋಡಿಗೆ ಹೋದೆ. ಹುಣಸೆ ಮರಗಳಲ್ಲಿ ಎರಡು ಮಾತ್ರ ಉಳಿದಿವೆ. ಬಹಳ ಹೊತ್ತು ಕೊಂಬೆ ಕೊಂಬೆಯಲ್ಲೂ ಕಾಲುಗಳನ್ನೇ ನೋಡುತ್ತ ಕೂತೆ. ಉಂಗುರದ್ದು ಒಂದೂ ಇರಲಿಲ್ಲ. ಮುಖವಾಡ ಹಾಕಿಕೊಂಡು, ಬಾಯಿ ಬಿಗಿಹಿಡಿದು ನಡೆದೆ. ಒಂದು ಎಳೆಯ ಕಾಗೆ, ಬಾಯೊಳಗಿನ ಕೆಂಪು ಇನ್ನೂ ಆರಿರದದ್ದು, ಕತ್ತು ಓರೆ ಮಾಡಿ ನೋಡಿತು. ಮತ್ತೆ ನೋಡಿತು. ಆಮೇಲೆ ಕೂಗಿತು… ಅದರ ಹಿಂದೆ ಎರಡೂ ಮರಗಳು ಕೂಗಿದವು.

ಬೈಸಿಕೊಂಡು ಅಷ್ಟು ಸಂತೋಷಪಟ್ಟವ ಊರಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. "ಸರ್, ಬಯ್ಯಾಕತ್ತಾವ್ರಿ!" ಎಂದು ಗೋಡೆಯ ಕಡೆ ತಿರುಗಿದೆ. ಯಾರದೋ ಆಡೊಂದನ್ನು ಅಲ್ಲಿ ಕಟ್ಟಿದ್ದರು.

ಅವರು ಹೋದ ಮೇಲೆ ಅವರ ದನಿಯನ್ನು ನಾನು ತೆಗೆದಿರಲಿಲ್ಲ. ಆ ಹೊತ್ತು, ಆ ಬಿಸಿ ರಬ್ಬರಿನೊಳಗೆ, ಒಮ್ಮೆ ಅದು ಕಿವಿಗೆ ಬೀಳಲಿ ಅನಿಸಿತು. ಗಂಟಲು ಕೆರೆದುಕೊಂಡೆ. ಒಂದು ಸಲ ಸರಿಯಾಗಿ ಬಂತು. ಎರಡನೆಯದು ಬರಲಿಲ್ಲ.